ಮನೆಯ ಶೆಡ್ಡಿಗೆ ಸಾಗಿಸಬಹುದಾದ ಕಾರ್ ಲಿಫ್ಟ್: ಯಾವ ಬಗೆ, ಎಂಥ ನೆಲದ ಮೇಲೆ?

ತೀರ್ಥಹಳ್ಳಿ ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯನ್ನು ಬಿಟ್ಟು ಎರಡು ಕಿಲೋಮೀಟರ್ ಒಳಗೆ, ತೋಟದ ಅಂಚಿನಲ್ಲಿದೆ. ಮನೆಯಲ್ಲಿ 2013ರ ಒಂದು ವ್ಯಾಗನ್‌ಆರ್ ಮತ್ತು ಅದಕ್ಕಿಂತ ಹಳೆಯದಾದ ಒಂದು ಬೊಲೆರೊ ಇವೆ. ಎಂಜಿನ್ ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು, ಮಳೆಗಾಲ ಮುಗಿದ ಮೇಲೆ ಅಡಿಭಾಗದ ಕೆಸರನ್ನು ಕೆರೆದು ತುಕ್ಕು ಹಿಡಿಯದಂತೆ ಕೋಟಿಂಗ್ ಬಳಿಯುವುದು, ಇಂಥ ಕೆಲಸಗಳನ್ನು ಹತ್ತು ವರ್ಷಗಳಿಂದ ನಾನೇ ಮಾಡಿಕೊಂಡು ಬಂದಿದ್ದೇನೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಯ ಮಗ್ಗುಲಲ್ಲಿ ಇರುವವರಿಗೆ ಗಾಡಿಯ ಅಡಿಭಾಗವನ್ನು ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ನೋಡುವುದು ಅನಿವಾರ್ಯ ಎಂಬುದನ್ನು ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ಆಷಾಢದಲ್ಲಿ ವ್ಯಾಗನ್‌ಆರ್‌ನ ಸೈಲೆನ್ಸರ್ ತೂಗುವ ರಬ್ಬರ್ ಹರಿದಿತ್ತು. ಟ್ರಾಲಿ ಜಾಕ್ ಕೊಟ್ಟು ಕಾರನ್ನು ಎತ್ತಿ, ಎತ್ತಿದ ಗಾಡಿಗೆ ಆಧಾರವಾಗಿ ಅಡಿಗೆ ನಿಲ್ಲಿಸುವ ಸ್ಟ್ಯಾಂಡ್ ತರಲು ನಾನು ತಿರುಗುವಷ್ಟರಲ್ಲಿ ಜಾಕಿನ ಮುಂದಿನ ಗಾಲಿ ನೆಲದ ಗಾರೆಯನ್ನು ಒಡೆದು ಒಳಗಿಳಿಯಿತು. ಕಾರು ಪಕ್ಕಕ್ಕೆ ಜಾರಿ, ಬಾಗಿಲಿನ ಕೆಳಗೆ ಮಲಗಿಸಿಟ್ಟಿದ್ದ ಸ್ಟೆಪ್ನಿಯ ಮೇಲೆ ಕುಳಿತಿತು. ಸ್ಟೆಪ್ನಿಯನ್ನು ಹಾಗೆ ಅಡಿಗೆ ಇಡುವ ಅಭ್ಯಾಸವನ್ನು ನಮ್ಮ ತಂದೆ ಕಲಿಸಿದ್ದರು. ಯಾರಿಗೂ ಏನೂ ಆಗಲಿಲ್ಲ, ಆದರೆ ಅಂದಿನಿಂದ ಜಾಕ್ ನಂಬಿ ಕೆಲಸಕ್ಕೆ ಇಳಿಯಲು ಮನಸ್ಸು ಒಪ್ಪುತ್ತಿಲ್ಲ.

ಕೆಲಸ ಮುಗಿದ ಮೇಲೆ ಎತ್ತಿ ಬದಿಗಿಡಬಹುದಾದ ಲಿಫ್ಟ್ ಒಂದನ್ನು ಕೊಳ್ಳುವ ಯೋಚನೆ ಇದೆ. ಶೆಡ್ 20 ಅಡಿ ಉದ್ದ, 12 ಅಡಿ ಅಗಲ. ಹಂಚಿನ ಮಾಡು, ಸೂರಿನ ಬಳಿ ಏಳೂವರೆ ಅಡಿ ಎತ್ತರ, ನಡುವೆ ಹನ್ನೊಂದು ಅಡಿ. ನೆಲದ ಅರ್ಧ ಭಾಗ ಅಜ್ಜನ ಕಾಲದ ಕೆಂಪು ಗಾರೆ, ಉಳಿದರ್ಧಕ್ಕೆ ನಾಲ್ಕು ವರ್ಷದ ಹಿಂದೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದೇವೆ. ಮಳೆಗಾಲದ ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವುದುಂಟು. ಎಷ್ಟು ಟನ್ನಿನ ಲಿಫ್ಟ್ ತೆಗೆದುಕೊಳ್ಳಬೇಕು, ಯಾವ ಬಗೆಯದು ಸೂಕ್ತ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಸಾಗರ ರಸ್ತೆ ಮೆಕ್ಯಾನಿಕ್

ತೋಟದಮನೆಯವರೇ, ನಾನು ಶಿವಮೊಗ್ಗದ ಆಟೊ ಕಾಂಪ್ಲೆಕ್ಸ್‌ನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಎಷ್ಟು ಟನ್ ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗಿದೆ. ನನ್ನ ಲೆಕ್ಕದಲ್ಲಿ ಅದು ಕೊನೆಯ ಪ್ರಶ್ನೆ. ವ್ಯಾಗನ್‌ಆರ್ ಸುಮಾರು 900 ಕಿಲೋ, ಬೊಲೆರೊ 1600 ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಮಾರುಕಟ್ಟೆಯಲ್ಲಿರುವ ಚಿಕ್ಕ ಲಿಫ್ಟ್ ಕೂಡ ಎರಡು ಟನ್ನಿನ ಮೇಲೆ ಎತ್ತುತ್ತದೆ. ಹಾಗಾಗಿ ತೂಕದಿಂದ ನಿಮಗೆ ತೊಂದರೆಯಾಗುವುದಿಲ್ಲ. ತೊಂದರೆ ಕೊಡುವುದು ಗಾಡಿಯನ್ನು ಎಲ್ಲಿ ಹಿಡಿದು ಎತ್ತುತ್ತೀರಿ ಎನ್ನುವುದು ಮತ್ತು ಲಿಫ್ಟ್ ಯಾವುದರ ಮೇಲೆ ನಿಂತಿದೆ ಎನ್ನುವುದು.

ಮನೆಗೆ ಒಯ್ಯಬಹುದಾದ ಲಿಫ್ಟ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ ಇವೆ. ಮೊದಲನೆಯದು ಜೋಡಿ ಚೌಕಟ್ಟಿನದು. ಕಾರಿನ ಎಡಕ್ಕೊಂದು ಬಲಕ್ಕೊಂದು ಚಪ್ಪಟೆಯಾದ ಉಕ್ಕಿನ ಚೌಕಟ್ಟನ್ನು ತಳ್ಳಿ, ಎರಡಕ್ಕೂ ಹೋಸ್ ಜೋಡಿಸಿ, ಒಂದೇ ಪಂಪಿನಿಂದ ಎತ್ತುವುದು. ಒಂದೊಂದು ಚೌಕಟ್ಟು 35ರಿಂದ 50 ಕಿಲೋ ತೂಗುತ್ತದೆ. ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿಸಿಡಬಹುದು, ಕಾರಿನ ನಡುಭಾಗ ಪೂರ್ತಿ ತೆರೆದಿರುತ್ತದೆ. ಎರಡನೆಯದು ಕತ್ತರಿ ಲಿಫ್ಟ್. ಇದು ಮೂರು ಅಡಿಯ ಮೇಲೆ ಎತ್ತುತ್ತದೆ, ಆದರೆ ಹಲವು ನೂರು ಕಿಲೋ ತೂಕದ್ದು. ಗಾಲಿ ಇದ್ದರೂ ಅದನ್ನು ಎಳೆದಾಡಲು ಇಬ್ಬರು ಬೇಕು. ಕತ್ತರಿಯ ಯಂತ್ರ ಕಾರಿನ ಹೊಟ್ಟೆಯ ಕೆಳಗೇ ಇರುವುದರಿಂದ ಸೈಲೆನ್ಸರ್, ಗೇರ್‌ಬಾಕ್ಸ್ ಕೆಲಸಕ್ಕೆ ಅದೇ ಅಡ್ಡ ಬರುತ್ತದೆ. ಮೂರನೆಯದು ಕಳಚಿಡಬಹುದಾದ ಎರಡು ಕಂಬದ ಲಿಫ್ಟ್. ಇದು ಸುಮಾರು ನಾಲ್ಕು ಅಡಿ ಎತ್ತುತ್ತದೆ, ಆದರೆ ಕಂಬಗಳನ್ನು ನೆಲದ ಕಾಂಕ್ರೀಟಿಗೆ ಆಂಕರ್ ಬೋಲ್ಟ್ ಹಾಕಿಯೇ ನಿಲ್ಲಿಸಬೇಕು. ನಿಮ್ಮ ಏಳೂವರೆ ಅಡಿಯ ಸೂರಿಗೂ ಗಾರೆ ನೆಲಕ್ಕೂ ಇದು ಹೊಂದುವುದಿಲ್ಲ.

ಹಾಗಾದರೆ ಜೋಡಿ ಚೌಕಟ್ಟಿನದು ಎಂದಾಯಿತು. ಆದರೆ ಅದರ ಎತ್ತರದ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಜಾಹೀರಾತಿನಲ್ಲಿ ಕೊಡುವ ಎತ್ತರ ಚೌಕಟ್ಟಿನದು, ನಿಮ್ಮ ಟೈರಿನದಲ್ಲ. ಒಂದು ಲೆಕ್ಕ ನೋಡೋಣ. ಚೌಕಟ್ಟು ಮಡಿಸಿದಾಗ 75 ಮಿ.ಮೀ., ಪೂರ್ತಿ ಎದ್ದಾಗ 530 ಮಿ.ಮೀ., ಅದರ ಮೇಲಿನ ರಬ್ಬರ್ ಬ್ಲಾಕ್ 75 ಮಿ.ಮೀ. ಎಂದಿಟ್ಟುಕೊಳ್ಳಿ. ಬ್ಲಾಕಿನ ತಲೆ ನೆಲದಿಂದ 605 ಮಿ.ಮೀ.ಗೆ ಏರುತ್ತದೆ. ಚಿಕ್ಕ ಕಾರಿನ ಬಾಗಿಲಿನ ಕೆಳಗಿನ ಅಂಚು ನೆಲದಿಂದ 200 ಮಿ.ಮೀ. ಎತ್ತರದಲ್ಲಿದ್ದರೆ ದೇಹ ಏರುವುದು 405 ಮಿ.ಮೀ. ಅದರಲ್ಲಿ ಸಸ್ಪೆನ್ಷನ್ ಸಡಿಲಗೊಂಡು ಚಕ್ರಗಳು ನೂರು ಮಿ.ಮೀ.ಯಷ್ಟು ಕೆಳಗೆ ಜೋತುಬೀಳುತ್ತವೆ. ಟೈರು ನೆಲಬಿಡುವುದು ಒಂದಡಿ. ಬೆನ್ನ ಮೇಲೆ ಮಲಗಿ ಕೆಲಸ ಮಾಡಲು ಅಷ್ಟು ಸಾಕು. ಬೊಲೆರೊದಂಥ ಗಾಡಿಯನ್ನು ಚಾಸಿಯ ಉದ್ದ ತೊಲೆಗಳಿಗೆ ಹಿಡಿದು ಎತ್ತಬೇಕು. ಆ ತೊಲೆ ನೆಲದಿಂದ 400 ಮಿ.ಮೀ. ಮೇಲಿದ್ದರೆ ಇದೇ ಲಿಫ್ಟ್ ಅದನ್ನು ಎತ್ತುವುದು ಬರೀ 205 ಮಿ.ಮೀ. ಚಕ್ರ ಜೋತುಬಿದ್ದದ್ದನ್ನು ಕಳೆದರೆ ನಿಮಗೆ ಸಿಗುವುದು ಗೇಣಿನ ಅರ್ಧ. ಇದಕ್ಕೆಂದೇ ತಯಾರಕರು ಎತ್ತರದ ಅಡಾಪ್ಟರ್ ಕೊಡುತ್ತಾರೆ. ಅದನ್ನೂ ಸೇರಿಸಿಯೇ ಬೆಲೆ ಕೇಳಿ. ಮರದ ತುಂಡು ಪೇರಿಸಿ ಆ ಎತ್ತರ ತುಂಬುವ ಯೋಚನೆಯನ್ನು ಮಾತ್ರ ಮಾಡಬೇಡಿ.

ಕೊಳ್ಳುವ ಮುಂಚೆ ಒಂದು ಟೇಪ್ ಹಿಡಿದು ನಿಮ್ಮ ಎರಡೂ ಗಾಡಿಗಳ ಮುಂದಿನ ಮತ್ತು ಹಿಂದಿನ ಜಾಕ್ ಪಾಯಿಂಟ್‌ಗಳ ನಡುವಿನ ಅಂತರವನ್ನು ಅಳೆಯಿರಿ. ಬೊಲೆರೊದ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 2680 ಮಿ.ಮೀ., ಆದರೆ ಎತ್ತುವ ಜಾಗಗಳ ಅಂತರ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ. ಚೌಕಟ್ಟಿನ ಮೇಲೆ ಬ್ಲಾಕನ್ನು ಹಿಂದೆ ಮುಂದೆ ಸರಿಸಬಹುದಾದ ಜಾಗದೊಳಗೆ ಎರಡೂ ಗಾಡಿಗಳ ಅಳತೆ ಬೀಳಬೇಕು.

ಹೊಸನಗರ ಜೀಪು

ಇಷ್ಟೆಲ್ಲ ಖರ್ಚು ಏಕೆ ಎಂದು ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಐದು ಅಡಿ ಆಳದ ಒಂದು ಪಿಟ್ ತೋಡಿಸಿ, ಮೇಲೆ ಹಲಗೆ ಮುಚ್ಚಿದರೆ ಆಯಿತಲ್ಲವೇ? ನಮ್ಮ ಕಡೆಯ ಹಳೆಯ ಜೀಪುಗಳಿಗೆಲ್ಲ ಹಾಗೇ ಕೆಲಸ ನಡೆಯುತ್ತಿತ್ತು.

ಕೊಪ್ಪ ಸಿವಿಲ್

ಪಿಟ್ ಒಳ್ಳೆಯದೇ, ಆದರೆ ಬಯಲುಸೀಮೆಯಲ್ಲಿ. ಮಲೆನಾಡಿನ ತೋಟದ ಅಂಚಿನಲ್ಲಿ ಐದಡಿ ತೋಡಿದರೆ ಜುಲೈನಿಂದ ಅಕ್ಟೋಬರ್‌ವರೆಗೆ ಒರತೆ ಏಳುತ್ತದೆ. ನೀವು ಗಿಲಾವು ಮಾಡಿದ್ದರೂ ಮಣ್ಣಿನ ನೀರಿನ ಒತ್ತಡ ಅದನ್ನು ಸೀಳಿಕೊಂಡು ಒಳಬರುತ್ತದೆ. ಇನ್ನೊಂದು ಮಾತು ಇದಕ್ಕಿಂತ ಗಂಭೀರವಾದದ್ದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ಪಿಟ್ಟಿನೊಳಗೆ ಇಳಿದು ನಿಲ್ಲುತ್ತದೆ. ಗಾಳಿಯಾಡದ ಗುಂಡಿಯಲ್ಲಿ ಫ್ಯೂಯೆಲ್ ಪೈಪು ಬಿಚ್ಚಿದವನ ಕೈಯಲ್ಲಿ ಹಳೆಯ ಕಾಲದ ಬಲ್ಬಿನ ಕೈದೀಪ ಇದ್ದರೆ ಮುಂದಿನದನ್ನು ನಾನು ಬರೆಯಬೇಕಾಗಿಲ್ಲ. ಜೊತೆಗೆ, ಚಕ್ರ ಬಿಚ್ಚಬೇಕಾದ ಯಾವ ಕೆಲಸಕ್ಕೂ ಪಿಟ್ ನೆರವಾಗುವುದಿಲ್ಲ, ಅಲ್ಲಿಯೂ ಜಾಕ್ ಕೊಡಲೇಬೇಕು.

ಈಗ ನೆಲದ ವಿಷಯಕ್ಕೆ ಬರುತ್ತೇನೆ. ತೋಟದಮನೆಯವರ ಜಾಕ್ ಏಕೆ ಇಳಿಯಿತು ಎಂಬುದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಟ್ರಾಲಿ ಜಾಕಿನ ಕಬ್ಬಿಣದ ಗಾಲಿ ನೆಲವನ್ನು ಮುಟ್ಟುವುದು ಒಂದು ಗೆರೆಯಷ್ಟು ಜಾಗದಲ್ಲಿ. ಮುನ್ನೂರು ಕಿಲೋ ಭಾರ ಆ ಗೆರೆಯ ಮೇಲೆ ಬಿದ್ದಾಗ ಒಂದಂಗುಲ ದಪ್ಪದ ಗಾರೆ ಒಡೆಯುವುದು ಸಹಜ, ಏಕೆಂದರೆ ಅದರ ಕೆಳಗೆ ಇರುವುದು ಬಡಿದ ಮಣ್ಣು. ಜೋಡಿ ಚೌಕಟ್ಟಿನ ಲಿಫ್ಟ್ ಭಾರವನ್ನು ಇದಕ್ಕಿಂತ ಚೆನ್ನಾಗಿ ಹರಡುತ್ತದೆ. ಬೊಲೆರೊದ ಒಂದು ಮೂಲೆಗೆ 400ರಿಂದ 500 ಕಿಲೋ, ಚೌಕಟ್ಟಿನ ಪಾದ ನೆಲ ಮುಟ್ಟುವ ಜಾಗ 10 ಸೆಂ.ಮೀ. ಉದ್ದಗಲ ಎಂದುಕೊಂಡರೂ ಚದರ ಸೆಂಟಿಮೀಟರಿಗೆ ನಾಲ್ಕೈದು ಕಿಲೋ ಬೀಳುತ್ತದೆ. ಸಾಧಾರಣ ಎಂ20 ದರ್ಜೆಯ ಕಾಂಕ್ರೀಟ್ ಅಷ್ಟೇ ಜಾಗದಲ್ಲಿ ತಡೆಯುವುದು ಸುಮಾರು ಇನ್ನೂರು ಕಿಲೋ. ಒಳ್ಳೆಯ ಕಾಂಕ್ರೀಟಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ನಿಮ್ಮ ನೆಲ ಕಾಂಕ್ರೀಟ್ ಅಲ್ಲ.

ಟೈಲ್ಸ್ ಭಾಗದ ಮೇಲೆ ಒಂದು ನಾಣ್ಯ ಹಿಡಿದು ಮೂಲೆಯಿಂದ ಮೂಲೆಗೆ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಟೈಲಿನ ಕೆಳಗೆ ಗಾರೆ ಕೂತಿಲ್ಲ ಎಂದರ್ಥ, ಅಲ್ಲಿ ಭಾರ ಬಿದ್ದರೆ ಟೈಲು ಚೂರಾಗುತ್ತದೆ. ಜೊತೆಗೆ ನುಣುಪಾದ ಟೈಲಿನ ಮೇಲೆ ನೀರು, ಆಯಿಲ್ ಬಿದ್ದರೆ ಚೌಕಟ್ಟು ಜಾರುತ್ತದೆ. ನೀರು ಹರಿದುಹೋಗಲಿ ಎಂದು ನಮ್ಮ ಗಾರೆಯವರು ಶೆಡ್ಡಿನ ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಅದನ್ನೂ ರಸಮಟ್ಟ ಇಟ್ಟು ನೋಡಿ. ಇಳಿಜಾರಿನಲ್ಲಿ ಎತ್ತಿದ ಗಾಡಿಯ ಭಾರ ಒಂದು ಬದಿಗೆ ವಾಲುತ್ತದೆ, ಚಕ್ರ ನೆಲಬಿಟ್ಟ ಮೇಲೆ ಹ್ಯಾಂಡ್ ಬ್ರೇಕ್ ಉಪಯೋಗಕ್ಕೆ ಬರುವುದಿಲ್ಲ.

ನನ್ನ ಸಲಹೆ ಇಷ್ಟು. ಲಿಫ್ಟಿಗೆ ಮುಂಚೆ ನೆಲ. ಹಳೆಯ ಗಾರೆಯನ್ನು ಕಿತ್ತು, ಜಲ್ಲಿ ಹಾಕಿ ಚೆನ್ನಾಗಿ ದಮ್ಮಸು ಮಾಡಿ, ಪ್ಲಾಸ್ಟಿಕ್ ಹಾಳೆ ಹಾಸಿ, 8 ಮಿ.ಮೀ. ಕಂಬಿಯ ಜಾಲದೊಂದಿಗೆ ಆರು ಅಂಗುಲ ದಪ್ಪದ ಎಂ25 ಕಾಂಕ್ರೀಟ್ ಹಾಕಿಸಿ. ಲಿಫ್ಟ್ ನಿಲ್ಲುವ ಜಾಗವನ್ನು ಸಮತಟ್ಟಾಗಿ ಇರಿಸಿ, ಇಳಿಜಾರನ್ನು ಅದರಾಚೆ ಕೊಡಿ. ಮಳೆಗಾಲದಲ್ಲಿ ಇದನ್ನು ಮಾಡಿಸಬೇಡಿ. ದೀಪಾವಳಿ ಕಳೆದ ಮೇಲೆ ಹಾಕಿಸಿ, ಕ್ಯೂರಿಂಗ್ ಮಾಡಿ, 28 ದಿನ ಕಳೆಯುವವರೆಗೆ ಲಿಫ್ಟ್ ಇಡಬೇಡಿ.

ಮುಂದೆಂದಾದರೂ ಎರಡು ಕಂಬದ ಲಿಫ್ಟ್ ಹಾಕುವ ಆಸೆ ಇದ್ದವರಿಗೆ ಒಂದು ಮಾತು. ಅಮೆರಿಕದ ಕೈಪಿಡಿಗಳಲ್ಲಿ 3000 ಪಿ.ಎಸ್.ಐ. (ಚದರ ಅಂಗುಲಕ್ಕೆ 3000 ಪೌಂಡ್ ತಡೆಯುವ) ಕಾಂಕ್ರೀಟ್ ಬೇಕೆಂದು ಬರೆದಿರುತ್ತದೆ. ಅದನ್ನು ಲೆಕ್ಕ ಹಾಕಿ ಎಂ20 ಸಾಕು ಎನ್ನುವವರಿದ್ದಾರೆ. ಅವರು ಸಿಲಿಂಡರ್ ಒತ್ತಿ ಪರೀಕ್ಷಿಸುತ್ತಾರೆ, ನಾವು ಕ್ಯೂಬ್ ಒತ್ತಿ ಪರೀಕ್ಷಿಸುತ್ತೇವೆ. ಒಂದೇ ಕಾಂಕ್ರೀಟಿನ ಕ್ಯೂಬ್ ಹೆಚ್ಚು ಅಂಕ ಕೊಡುತ್ತದೆ, ಆದ್ದರಿಂದ ಅವರ 3000ಕ್ಕೆ ನಮ್ಮ ಎಂ25 ಸಮ. ಕಂಬದ ಲಿಫ್ಟಿನಲ್ಲಿ ನೆಲವನ್ನು ಒತ್ತುವ ಭಾರಕ್ಕಿಂತ ಬೋಲ್ಟನ್ನು ಮೇಲಕ್ಕೆ ಕೀಳುವ ಬಲ ದೊಡ್ಡದು. ಒಂದು ಕಂಬಕ್ಕೆ 800 ಕಿಲೋ ಬಿದ್ದು, ಅದು ಕಂಬದಿಂದ ಮುಕ್ಕಾಲು ಮೀಟರ್ ದೂರದಲ್ಲಿ ತೋಳಿನ ತುದಿಯಲ್ಲಿದ್ದರೆ, ಪಾದದ ಅಗಲ 40 ಸೆಂ.ಮೀ. ಇರುವಾಗ ಹಿಂಬದಿಯ ಬೋಲ್ಟುಗಳ ಮೇಲೆ ಒಂದೂವರೆ ಟನ್ನಿನ ಸೆಳೆತ ಬರುತ್ತದೆ. ಗಾರೆ ನೆಲದಲ್ಲಿ ಅದು ಹಲ್ಲು ಕಿತ್ತಂತೆ ಕಿತ್ತು ಬರುತ್ತದೆ.

ತೀರ್ಥಹಳ್ಳಿ ತೋಟದಮನೆ

ಇಷ್ಟು ವಿವರವಾಗಿ ಬರೆದುದಕ್ಕೆ ಇಬ್ಬರಿಗೂ ಕೃತಜ್ಞತೆಗಳು. ನಾಣ್ಯ ತಟ್ಟಿ ನೋಡಿದೆ, ಮೂರರಲ್ಲಿ ಒಂದು ಟೈಲು ಟೊಳ್ಳು. ಇಳಿಜಾರು ಹನ್ನೆರಡು ಅಡಿಗೆ ಎರಡು ಅಂಗುಲ ಇದೆ. ನೆಲ ಮಾಡಿಸಲೇಬೇಕು ಎಂಬುದು ಸ್ಪಷ್ಟವಾಯಿತು.

ಇನ್ನೊಂದು ವಿಚಾರ. ನಮ್ಮೂರಿನ ಒಬ್ಬ ಗೇಟು, ಗ್ರಿಲ್ ಮಾಡುವವರು ಕಾರನ್ನು ಒಂದು ಬದಿಗೆ ವಾಲಿಸುವ ಕಬ್ಬಿಣದ ಫ್ರೇಮನ್ನು ಲಿಫ್ಟಿನ ಅರ್ಧ ಬೆಲೆಗೆ ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ. ಅವರ ಕೈಕೆಲಸ ಬಹಳ ಚೆನ್ನಾಗಿದೆ. ಇದನ್ನು ಪರಿಗಣಿಸಬಹುದೇ?

ಭದ್ರಾವತಿ ಬೆಸುಗೆ

ನಾನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆಸುಗೆಯ ಕೆಲಸ ಮಾಡಿ ನಿವೃತ್ತನಾದವನು. ಸ್ನೇಹಿತರೇ, ಬೇಡ. ಆ ಕುಶಲಕರ್ಮಿಯ ಕೈಯನ್ನು ನಾನು ಅನುಮಾನಿಸುತ್ತಿಲ್ಲ. ಗೇಟಿನ ಬೆಸುಗೆ ಬಿಟ್ಟರೆ ಗೇಟು ಜೋತುಬೀಳುತ್ತದೆ, ಮರುದಿನ ಮತ್ತೆ ಬೆಸೆಯಬಹುದು. ಲಿಫ್ಟಿನ ಬೆಸುಗೆ ಬಿಡುವ ಹೊತ್ತಿಗೆ ಅದರ ಕೆಳಗೆ ಮನುಷ್ಯನಿರುತ್ತಾನೆ. ಮೇಲ್ನೋಟಕ್ಕೆ ಮೀನಿನ ಹುರುಪೆಯಂತೆ ಅಂದವಾಗಿ ಕಾಣುವ ಬೆಸುಗೆಯ ಬೇರು ಒಳಗಿನ ಲೋಹವನ್ನು ಹಿಡಿದಿರದೇ ಇರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಅದನ್ನು ಹೊರಗಣ್ಣಿನಿಂದ ಹೇಳಲು ನನಗೂ ಆಗುತ್ತಿರಲಿಲ್ಲ, ಅದಕ್ಕೆಂದೇ ಪರೀಕ್ಷೆ ಮಾಡುತ್ತಿದ್ದೆವು. ಮಲೆನಾಡಿನಲ್ಲಿ ಇದಕ್ಕೆ ಮತ್ತೊಂದು ಸೇರಿಕೊಳ್ಳುತ್ತದೆ. ಗ್ರಿಲ್ ಕೆಲಸದವರು ಬಳಸುವ ಎರಡು ಮಿ.ಮೀ. ದಪ್ಪದ ಚೌಕ ಪೈಪಿನೊಳಗೆ ತೇವ ಸೇರಿ, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತುಕ್ಕು ತಿನ್ನುತ್ತದೆ.

ವಾಲಿಸುವ ಫ್ರೇಮಿಗೆ ಇನ್ನೊಂದು ದೋಷವಿದೆ. ವಾಲಿದ ಗಾಡಿಯಲ್ಲಿ ಬ್ಯಾಟರಿಯ ಆಸಿಡ್, ಎಂಜಿನ್ ಆಯಿಲ್, ಟ್ಯಾಂಕಿನ ಪೆಟ್ರೋಲ್ ಎಲ್ಲವೂ ಒಂದು ಬದಿಗೆ ಹರಿಯುತ್ತವೆ, ಗಾಡಿಯ ಭಾರಕೇಂದ್ರ ಎಲ್ಲಿದೆ ಎಂಬುದು ಮಾಡಿದವನಿಗೂ ಗೊತ್ತಿರುವುದಿಲ್ಲ.

ಕಾರ್ಖಾನೆಯಲ್ಲಿ ತಯಾರಾದದ್ದೂ ತಪ್ಪಬಹುದು ಎಂಬುದನ್ನು ಒಪ್ಪುತ್ತೇನೆ. ಅಮೆರಿಕದಲ್ಲಿ 2020ರಲ್ಲಿ ಮೂರು ಟನ್ ಮತ್ತು ಆರು ಟನ್ ಜಾಕ್ ಸ್ಟ್ಯಾಂಡುಗಳನ್ನು ದೊಡ್ಡ ಪ್ರಮಾಣದಲ್ಲಿ ವಾಪಸು ಪಡೆಯಬೇಕಾಯಿತು. ಹಲ್ಲುಗಳ ಮೇಲೆ ಕೊಂಡಿ ಸಮನಾಗಿ ಕೂರದೆ, ಭಾರ ಅಲುಗಾಡಿದಾಗ ಸ್ಟ್ಯಾಂಡ್ ತಟ್ಟನೆ ಕುಸಿಯುವ ಸಾಧ್ಯತೆ ಇತ್ತು. ಅಲ್ಲಿ ದೋಷ ಪತ್ತೆಯಾಯಿತು, ಮಾಲು ವಾಪಸಾಯಿತು. ನಮ್ಮೂರಿನ ಫ್ರೇಮಿಗೆ ಆ ಏರ್ಪಾಡು ಇಲ್ಲ. ಕೊಳ್ಳುವಾಗ ಯುರೋಪಿನ ವಾಹನ ಲಿಫ್ಟ್ ಮಾನಕವಾದ ಇ.ಎನ್. 1493ಕ್ಕೆ ಅನುಗುಣವಾಗಿದೆಯೇ ಎಂದು ಕೇಳಿ, ಪ್ರಮಾಣಪತ್ರದ ಪ್ರತಿಯನ್ನು ಪಡೆಯಿರಿ. ಲಿಫ್ಟ್ ನಿಲ್ಲುವ ಪ್ರತಿ ಎತ್ತರದಲ್ಲೂ ಉಕ್ಕಿನ ಲಾಕ್ ತಾನಾಗಿ ಬೀಳುವಂತಿದೆಯೇ ಎಂದು ಕಣ್ಣಾರೆ ನೋಡಿ. ಲಾಕ್ ಇಲ್ಲದ, ಆಯಿಲಿನ ಒತ್ತಡದ ಮೇಲಷ್ಟೇ ನಿಲ್ಲುವ ಲಿಫ್ಟ್ ಎಷ್ಟೇ ಅಗ್ಗವಾದರೂ ಅದರ ಕೆಳಗೆ ಹೋಗಬಾರದು.

ವಿನೋಬನಗರ ವೈರಿಂಗ್

ಕರೆಂಟಿನ ವಿಷಯಕ್ಕೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನಗೆ ತಿಳಿದ ಒಬ್ಬರು ಆನ್‌ಲೈನ್‌ನಲ್ಲಿ ಹೊರದೇಶದ ಲಿಫ್ಟ್ ತರಿಸಿ, ಅದರ ಮೋಟಾರು 110 ವೋಲ್ಟ್, 60 ಹರ್ಟ್ಸ್‌ನದು ಎಂಬುದನ್ನು ಪೆಟ್ಟಿಗೆ ಬಿಚ್ಚಿದ ಮೇಲೆ ಕಂಡುಕೊಂಡರು. ಮಾರಿದವರು ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕು ಎಂದರು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ನಮ್ಮ 50 ಹರ್ಟ್ಸ್‌ನಲ್ಲಿ ಆ ಮೋಟಾರು ನಿಧಾನವಾಗಿ ತಿರುಗಿ ಹೆಚ್ಚು ಬಿಸಿಯಾಗುತ್ತದೆ. 220ರಿಂದ 240 ವೋಲ್ಟ್, 50 ಹರ್ಟ್ಸ್ ಎಂದು ಮೋಟಾರಿನ ತಗಡಿನ ಮೇಲೆಯೇ ಬರೆದಿರಬೇಕು.

ನಿಮ್ಮ 180 ವೋಲ್ಟಿನ ಸಂಜೆಗಳು ನಿಜಕ್ಕೂ ಚಿಂತೆಯ ವಿಷಯ. ಇಂಡಕ್ಷನ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಸಿಯುತ್ತದೆ. 230ರ ಬದಲು 180 ಬಂದರೆ ಬಲ ಶೇಕಡಾ 61ಕ್ಕೆ ಇಳಿಯುತ್ತದೆ, ಭಾರ ಹೊತ್ತ ಮೋಟಾರು ನಡುವೆ ನಿಂತು ಗುಂಯ್‌ಗುಟ್ಟುತ್ತದೆ. ವೈರು ತೆಳ್ಳಗಿದ್ದರೆ ಇನ್ನೂ ಕಷ್ಟ. ಮನೆಯಿಂದ ಶೆಡ್ಡಿಗೆ 30 ಮೀಟರ್ ಎಂದುಕೊಳ್ಳಿ. ಒಂದು ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಮೋಟಾರು ಶುರುವಾಗುವ ಕ್ಷಣದ 50 ಆಂಪಿಯರಿಗೆ ಸುಮಾರು 54 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಎರಡೂವರೆ ಚದರ ಮಿ.ಮೀ. ವೈರಿನಲ್ಲಿ 22 ವೋಲ್ಟ್. ನಾಲ್ಕರ ವೈರು ಎಳೆಸಿದರೆ ಇನ್ನೂ ನೆಮ್ಮದಿ. ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಒದ್ದೆ ನೆಲದಲ್ಲಿ ಪಂಪ್ ಚಾಲೂ ಮಾಡಬೇಡಿ. ಮನೆಯ ಇನ್ವರ್ಟರ್ ಈ ಮೋಟಾರನ್ನು ಎಬ್ಬಿಸಲಾರದು.

ಮೆಸ್ಕಾಂ ಲೈನು ಮಳೆಯಲ್ಲಿ ಹೋಗುತ್ತಾ ಬರುತ್ತಾ ಇರುವ ನಿಮ್ಮಂಥವರಿಗೆ 12 ವೋಲ್ಟಿನ ಪಂಪಿರುವ ಮಾದರಿ ವಾಸಿ ಎಂಬುದು ನನ್ನ ಅಭಿಪ್ರಾಯ. ಅದು ಕಾರಿನ ಬ್ಯಾಟರಿಯಿಂದಲೇ ನಡೆಯುತ್ತದೆ. ಆದರೆ ನೂರು ಆಂಪಿಯರಿಗೂ ಹೆಚ್ಚು ಎಳೆಯುವುದರಿಂದ ಬ್ಯಾಟರಿ ಗಟ್ಟಿಯಾಗಿರಬೇಕು, ಅದರೊಂದಿಗೆ ಬಂದ ದಪ್ಪ ಕೇಬಲ್ಲನ್ನೇ ಬಳಸಬೇಕು. ಬೊಲೆರೊದ ಬ್ಯಾಟರಿಯಿಂದ ವ್ಯಾಗನ್‌ಆರ್ ಎತ್ತುವುದು ಒಳ್ಳೆಯ ಕ್ರಮ.

ತೀರ್ಥಹಳ್ಳಿ ತೋಟದಮನೆ

12 ವೋಲ್ಟಿನದನ್ನೇ ನೋಡುತ್ತೇನೆ. ಮೆಕ್ಯಾನಿಕ್ ಸರ್ ಅವರಿಗೆ ಒಂದು ಪ್ರಶ್ನೆ. ಅಳತೆ ತೆಗೆಯಲು ವ್ಯಾಗನ್‌ಆರ್‌ನ ಬಾಗಿಲಡಿಯ ಕೆಸರನ್ನು ತೊಳೆದಾಗ ಎಡ ಹಿಂಬದಿಯ ಜಾಕ್ ಪಾಯಿಂಟಿನ ಬಳಿ ಬಣ್ಣ ಉಬ್ಬಿರುವುದು ಕಂಡಿತು. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಚುಚ್ಚಿದರೆ ಒಳಗೆ ಹೋಯಿತು.

ಸಾಗರ ರಸ್ತೆ ಮೆಕ್ಯಾನಿಕ್

ಹಾಗಿದ್ದರೆ ಆ ಜಾಗದಲ್ಲಿ ಲಿಫ್ಟನ್ನೂ ಜಾಕನ್ನೂ ಕೊಡಬೇಡಿ. ನೀವು ಚುಚ್ಚಿ ನೋಡಿದ್ದು ಬಹಳ ಒಳ್ಳೆಯದಾಯಿತು. ನಮ್ಮ ಭಾಗದ ಹತ್ತು ವರ್ಷ ದಾಟಿದ ಕಾರುಗಳಲ್ಲಿ ನಾನು ಮೊದಲು ನೋಡುವ ಜಾಗವೇ ಅದು. ಬಾಗಿಲಡಿಯ ಎರಡು ತಗಡು ಸೇರುವ ಅಂಚಿನ ಒಳಗೆ ಪೊಳ್ಳು ಇದೆ. ಅದರ ನೀರು ಹರಿಯುವ ತೂತುಗಳು ಕೆಸರು, ಎಲೆಯ ಚೂರು ಸೇರಿ ಮುಚ್ಚಿಕೊಳ್ಳುತ್ತವೆ. ನೀರು ತಿಂಗಳುಗಟ್ಟಲೆ ಒಳಗೇ ನಿಂತು ತಗಡನ್ನು ತಿನ್ನುತ್ತದೆ. ಲಿಫ್ಟಿನ ಬ್ಲಾಕ್ ಮೇಲೆ ಇಂಥ ಅಂಚು ಕೂತಾಗ ಮೊದಲಿಗೆ ಏನೂ ತೋರುವುದಿಲ್ಲ, ಅರ್ಧ ಎತ್ತಿದ ಮೇಲೆ ಅಂಚು ಮಡಿಚಿಕೊಂಡು ಆ ಮೂಲೆ ಎರಡು ಅಂಗುಲ ಕುಸಿಯುತ್ತದೆ. ಭಾರ ಉಳಿದ ಮೂರು ಮೂಲೆಗೆ ಹಂಚಿಹೋಗಿ ಕಾರು ಓರೆಯಾಗುತ್ತದೆ.

ಟಿಂಕರಿಂಗ್ ಮಾಡುವವರಲ್ಲಿ ಕೊಟ್ಟು, ತುಕ್ಕು ತಿಂದ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಹೊಸ ತಗಡು ಬೆಸೆಯಿಸಿ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕೊಡುವವರಿದ್ದಾರೆ, ನಿಂತು ನೋಡಿ ಮಾಡಿಸಿ. ಬೆಸೆಯುವ ಮುಂಚೆ ಬ್ಯಾಟರಿಯ ತಂತಿ ಬಿಚ್ಚಿಸಬೇಕು, ಒಳಗಿನ ಕಾರ್ಪೆಟ್ ತೆಗೆಸಬೇಕು. ಆಮೇಲೆ ಪೊಳ್ಳಿನೊಳಗೆ ಮೇಣದಂಥ ತುಕ್ಕುನಿರೋಧಕವನ್ನು ಸ್ಪ್ರೇ ಮಾಡಿಸಿ. ಉಳಿದ ಮೂರು ಪಾಯಿಂಟುಗಳನ್ನೂ ಚುಚ್ಚಿ ನೋಡಿ. ಬ್ಲಾಕ್ ಕೊಳ್ಳುವಾಗ ನಡುವೆ ಸೀಳು ಇರುವುದನ್ನು ತೆಗೆದುಕೊಂಡರೆ ಅಂಚು ಆ ಸೀಳಿನೊಳಗೆ ಇಳಿದು, ಭಾರ ಅಕ್ಕಪಕ್ಕದ ಅಗಲ ತಗಡಿನ ಮೇಲೆ ಕೂರುತ್ತದೆ.

ಶೃಂಗೇರಿ ರಸ್ತೆಯಿಂದ

ನಾನು ಎರಡು ವರ್ಷಗಳಿಂದ ಜೋಡಿ ಚೌಕಟ್ಟಿನ ಲಿಫ್ಟನ್ನು ಬಳಸುತ್ತಿದ್ದೇನೆ. ಮನೆಯವರು ದೂರದೂರಿನಲ್ಲಿ ಕೆಲಸದಲ್ಲಿರುವುದರಿಂದ ಎರ್ಟಿಗಾದ ಚಿಕ್ಕಪುಟ್ಟ ಕೆಲಸವನ್ನೆಲ್ಲ ನಾನೇ ಕಲಿತುಕೊಂಡೆ. ಆಯ್ಕೆಯ ಬಗ್ಗೆ ಇಲ್ಲಿ ಎಲ್ಲರೂ ಚೆನ್ನಾಗಿ ಬರೆದಿದ್ದಾರೆ, ಬಳಕೆಯ ಬಗ್ಗೆ ನನ್ನ ಅನುಭವವನ್ನು ಸೇರಿಸುತ್ತೇನೆ.

ಕಾರಿನ ಅಡಿಭಾಗವನ್ನು ಹಿಂದಿನ ದಿನವೇ ತೊಳೆದು ಒಣಗಲು ಬಿಡಿ. ಕೆಸರಿನ ಪದರದ ಮೇಲೆ ಬ್ಲಾಕ್ ಕೂತರೆ ಅದು ಜಾರುತ್ತದೆ. ಚಕ್ರ ಬಿಚ್ಚುವ ಕೆಲಸವಿದ್ದರೆ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಬೇಕು, ಎತ್ತಿದ ಮೇಲೆ ಉದ್ದ ಪಾನಾ ಹಾಕಿ ಜಗ್ಗಬಾರದು. ಚೌಕಟ್ಟುಗಳನ್ನು ಒಳತಳ್ಳಿ, ನಾಲ್ಕೂ ಬ್ಲಾಕ್‌ಗಳು ತಗಡನ್ನು ಮುಟ್ಟುವಷ್ಟು ಮಾತ್ರ ಎತ್ತಿ ನಿಲ್ಲಿಸುತ್ತೇನೆ. ಕೆಳಗೆ ಬಗ್ಗಿ, ಒಂದೊಂದನ್ನೂ ಟಾರ್ಚ್ ಬಿಟ್ಟು ನೋಡುತ್ತೇನೆ. ಚಕ್ರ ಒಂದು ಬೆರಳು ನೆಲಬಿಟ್ಟಾಗ ಮತ್ತೆ ನಿಲ್ಲಿಸಿ, ಕಾರನ್ನು ಕೈಯಿಂದ ಗಟ್ಟಿಯಾಗಿ ಅಲುಗಿಸುತ್ತೇನೆ. ಬೀಳುವುದಿದ್ದರೆ ಒಂದು ಬೆರಳಿನ ಎತ್ತರದಿಂದ ಬೀಳಲಿ. ಆಮೇಲಷ್ಟೇ ಪೂರ್ತಿ ಎತ್ತುವುದು.

ಬೇಕಾದ ಎತ್ತರಕ್ಕಿಂತ ತುಸು ಮೇಲೆ ಹೋಗಿ, ಲಾಕ್ ಬಿದ್ದ ಸದ್ದು ಎರಡೂ ಕಡೆಯಿಂದ ಕೇಳಿದ ಮೇಲೆ ಗಾಡಿಯನ್ನು ಲಾಕಿನ ಮೇಲೆ ಇಳಿಸಿ ಕೂರಿಸಬೇಕು. ಎರಡು ಸದ್ದು ಕೇಳಬೇಕು, ಒಂದೇ ಕೇಳಿದರೆ ಹೋಗಿ ನೋಡಬೇಕು. ಇದರ ಮೇಲೂ ನಾನು ಎರಡು ಸ್ಟ್ಯಾಂಡುಗಳನ್ನು ಅಡಿಗೆ ಇಡುತ್ತೇನೆ. ಗೇರ್‌ಬಾಕ್ಸಿನಂಥ ಭಾರದ ಭಾಗವನ್ನು ಇಳಿಸುವ ಕೆಲಸವನ್ನು ಮನೆಯಲ್ಲಿ ಮಾಡಬೇಡಿ ಎಂದೇ ನಾನು ಹೇಳುವುದು. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಭಾರದ ಹೆಚ್ಚು ಪಾಲು ಮುಂದೆಯೇ ಇರುತ್ತದೆ, ಅದನ್ನು ತೆಗೆದ ಕೂಡಲೇ ತೂಕ ಹಿಂದಕ್ಕೆ ಸರಿದು ಹಿಂಬದಿ ಅದುಮುತ್ತದೆ.

ಮೊದಲ ಸಲ ಬಳಸುವಾಗ ಒಂದು ಬದಿ ತಡವಾಗಿ ಏಳಬಹುದು. ಹೋಸಿನಲ್ಲಿ ಗಾಳಿ ಸೇರಿದ್ದರೆ ಹಾಗಾಗುತ್ತದೆ. ಗಾಡಿಯನ್ನು ಇಳಿಸಿ, ಬರೀ ಚೌಕಟ್ಟನ್ನು ನಾಲ್ಕೈದು ಸಲ ಏರಿಳಿಸಿ, ಕೈಪಿಡಿಯಲ್ಲಿ ಹೇಳಿದಂತೆ ಗಾಳಿ ಬಿಡಬೇಕು. ಹೈಡ್ರಾಲಿಕ್ ಆಯಿಲನ್ನು ಅವರು ಹೇಳಿದ ದರ್ಜೆಯದನ್ನೇ ಹಾಕಿ. 46ರ ದರ್ಜೆಯದು 32ಕ್ಕಿಂತ ಗಟ್ಟಿ, ನಮ್ಮ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಇನ್ನೂ ನಿಧಾನ. ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ಸೀಲುಗಳು ಕೆಡುತ್ತವೆ.

ಇನ್ನೆರಡು ಮಾತು. ಹೋಸುಗಳನ್ನು ನೆಲದ ಮೇಲೆ ಬಿಡಬೇಡಿ. ನನ್ನ ಮೊದಲ ಜೊತೆ ಹೋಸನ್ನು ಅಡಿಕೆ ಮೂಟೆಗೆ ಬಂದ ಇಲಿಗಳು ಕಡಿದವು. ಈಗ ತಗಡಿನ ಡಬ್ಬದಲ್ಲಿ ಸುತ್ತಿಡುತ್ತೇನೆ, ಕಪ್ಲರ್‌ಗಳಿಗೆ ಮುಚ್ಚಳ ಹಾಕುತ್ತೇನೆ. ಮತ್ತು ಯಾರೂ ಇಲ್ಲದ ಹೊತ್ತಿನಲ್ಲಿ ಗಾಡಿಯ ಕೆಳಗೆ ಹೋಗುವುದಿಲ್ಲ. ನಮ್ಮಲ್ಲಿ ಒಂದು ಮನೆಯಿಂದ ಕೂಗಿದರೆ ಇನ್ನೊಂದಕ್ಕೆ ಕೇಳುವುದಿಲ್ಲ, ಫೋನಿಗೆ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ. ಅತ್ತೆಯವರು ಅಷ್ಟು ಹೊತ್ತು ಶೆಡ್ಡಿನ ಬಾಗಿಲಲ್ಲಿ ಕುಳಿತು ಅಡಿಕೆ ಆರಿಸುತ್ತಾರೆ.

ಹೊಸನಗರ ಜೀಪು

ಅಕ್ಕ, ನಿಮ್ಮ ಬರಹವನ್ನು ಮುದ್ರಿಸಿ ಶೆಡ್ಡಿನ ಗೋಡೆಗೆ ಅಂಟಿಸಿಕೊಂಡಿದ್ದೇನೆ. ಪಿಟ್ ತೋಡಿಸುವ ಯೋಚನೆ ಬಿಟ್ಟೆ. ಆದರೆ ವರ್ಷಕ್ಕೆ ಎರಡು ಸಲ ಆಯಿಲ್ ಬದಲಿಸುವವನಿಗೆ ಲಿಫ್ಟ್ ಬೇಕೇ?

ಸಾಗರ ರಸ್ತೆ ಮೆಕ್ಯಾನಿಕ್

ಬೇಕಿಲ್ಲ. ಗಟ್ಟಿ ನೆಲ, ಮೂರು ಟನ್ನಿನ ಒಳ್ಳೆಯ ಟ್ರಾಲಿ ಜಾಕ್, ನಾಲ್ಕು ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಒಳ್ಳೆಯ ಅಡ್ಡಗಲ್ಲುಗಳು ಇದ್ದರೆ ನಿಮ್ಮ ಕೆಲಸ ನಡೆಯುತ್ತದೆ. ನಿಮ್ಮ ಜೀಪಿನ ಕೆಳಗಂತೂ ಜಾಕ್ ಇಲ್ಲದೆಯೇ ಆಯಿಲ್ ಇಳಿಸಬಹುದು. ಲಿಫ್ಟಿನ ಬೆಲೆ ಇವೆಲ್ಲವುಗಳ ಹಲವು ಪಟ್ಟು. ತೋಟದಮನೆಯವರಂತೆ ಎರಡು ಗಾಡಿಯ ಅಡಿಭಾಗವನ್ನು ಪ್ರತಿ ವರ್ಷ ಪೂರ್ತಿ ಕೆರೆದು ಬಳಿಯುವವರಿಗೆ ಮಾತ್ರ ಅದು ಸಾರ್ಥಕ.

ತೀರ್ಥಹಳ್ಳಿ ತೋಟದಮನೆ

ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ. ದೀಪಾವಳಿಯ ಮರುವಾರ ನೆಲದ ಕೆಲಸ ಶುರುಮಾಡಿಸಿ, ಕೊಪ್ಪದವರು ಹೇಳಿದಂತೆ ಆರು ಅಂಗುಲದ ಕಾಂಕ್ರೀಟ್ ಹಾಕಿಸಿದೆ. ವ್ಯಾಗನ್‌ಆರ್‌ನ ಎರಡೂ ಹಿಂಬದಿ ಪಾಯಿಂಟುಗಳಿಗೆ ಹೊಸ ತಗಡು ಬಿತ್ತು, ಬಲಗಡೆಯದೂ ಒಳಗಿನಿಂದ ಹೋಗಿತ್ತು. ಲಿಫ್ಟ್ ಜನವರಿಯಲ್ಲಿ ಬಂತು. 12 ವೋಲ್ಟಿನದು, ಮೂರು ಟನ್ ಎತ್ತುವಂಥದು, ಬೊಲೆರೊಗೆ ಎತ್ತರದ ಅಡಾಪ್ಟರ್ ಸಹಿತ.

ವ್ಯಾಗನ್‌ಆರ್ ಸಮವಾಗಿ ಎದ್ದಿತು, ಟೈರಿನ ಕೆಳಗೆ ಅಳೆದರೆ 290 ಮಿ.ಮೀ. ಸಿಕ್ಕಿತು. ನಿನ್ನೆ ಬೊಲೆರೊ ಎತ್ತುವಾಗ ಎಡ ಚೌಕಟ್ಟು ಬಲಕ್ಕಿಂತ ಎರಡು ಅಂಗುಲ ಹಿಂದೆ ಬಿತ್ತು. ಒಂದು ಬೆರಳಿನ ಎತ್ತರದಲ್ಲೇ ನಿಲ್ಲಿಸಿ ನೋಡುವ ಕ್ರಮವಿದ್ದುದರಿಂದ ತಕ್ಷಣ ಇಳಿಸಿದೆ. ಗಾಳಿಯೇ ಇರಬೇಕು ಎಂದು ಚೌಕಟ್ಟನ್ನು ಖಾಲಿಯಾಗಿ ಐದು ಸಲ ಏರಿಳಿಸಿದೆ. ಈಗ ಅಂತರ ಅರ್ಧ ಅಂಗುಲಕ್ಕೆ ಬಂದಿದೆ, ಪೂರ್ತಿ ಹೋಗಿಲ್ಲ.

ಶೃಂಗೇರಿ ರಸ್ತೆಯಿಂದ

ಗಾಳಿ ಹೊರಗೆ ಹೋದಷ್ಟೂ ಅದರ ಜಾಗಕ್ಕೆ ಆಯಿಲ್ ಸೇರುವುದರಿಂದ ಟ್ಯಾಂಕಿನ ಮಟ್ಟ ಇಳಿದಿರುತ್ತದೆ. ಚೌಕಟ್ಟುಗಳನ್ನು ಪೂರ್ತಿ ಇಳಿಸಿ, ಮಟ್ಟ ನೋಡಿ, ಕಡಿಮೆಯಿದ್ದರೆ ಅದೇ ದರ್ಜೆಯ ಆಯಿಲ್ ತುಂಬಿ, ಎಡ ಸಿಲಿಂಡರಿನ ಗಾಳಿ ಬಿಡುವ ಸ್ಕ್ರೂವನ್ನು ಕೈಪಿಡಿಯಂತೆ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಬಿಡಿ. ಎರಡು ಬದಿಯೂ ಒಟ್ಟಿಗೆ ಏಳುವವರೆಗೆ ಬೊಲೆರೊವನ್ನು ಅದರ ಮೇಲೆ ನಿಲ್ಲಿಸಬೇಡಿ.